ಬೆಂಗಳೂರಿಗೆ ಹೋದ ನೀರು

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ ಆಸ್ಪತ್ರೆಯ ಹಿಂದಿನ ಗುಡ್ಡವೂ ಇಲ್ಲ, ಗುಡ್ಡದ ಮೇಲಿನ ನೀರಿನ ಟಾಂಕಿಯೂ ಇಲ್ಲ. ಟಾಂಕಿಯಿಂದ ಇಳಿದು ಬರುವ ಕಬ್ಬಿಣದ ಪೈಪು ಮಾತ್ರ ಕಾಣುತ್ತಿತ್ತು, ನೇರ ಮೋಡದೊಳಗಿಂದ ಹೊರಟು ಬಂದ ಹಾಗೆ. ಮಕರ ತಿಂಗಳ ಚಳಿ. ಕಡಬ ಪೇಟೆಯ ಆಚೆಯ ಮನೆಯಿಂದ ಗದ್ದೆಯ ಹುಣಿಯ ಮೇಲೆ ನಡೆದು ಬಂದ ಯಜ್ಞೇಶ್ವರ ಭಟ್ಟರ ಪಂಚೆ ಮೊಣಕಾಲಿನ ತನಕ ಇಬ್ಬನಿಯಲ್ಲಿ ನೆನೆದಿತ್ತು. ಅವರು ಒಂದು ಗಳಿಗೆ ನಿಂತು ಪೈಪನ್ನು ನೋಡಿದರು. ಆಕಾಶಗಂಗೆ ಇಳಿದದ್ದೂ ಹೀಗೆಯೇ ಇರಬಹುದು ಅನಿಸಿತು. ಸುತ್ತ ಯಾರೂ ಇಲ್ಲದ್ದರಿಂದ ಕೈಮುಗಿದರು.

ಭಟ್ಟರು ಆ ಧರ್ಮಾಸ್ಪತ್ರೆಯ ಕಂಪೌಂಡರು. ಹತ್ತು ಮಂಚದ ಆಸ್ಪತ್ರೆ. ಡಾಕ್ಟರುಗಳು ಬರುವವರು, ಹೋಗುವವರು, ಭಟ್ಟರು ಇರುವವರು. ಔಷಧ ಅರೆಯುವುದು, ನೀರಿಗೆ ಬೆರೆಸುವುದು, ಗಾಯ ತೊಳೆದು ಕಟ್ಟುವುದು, ಇದೆಲ್ಲ ಇಪ್ಪತ್ತು ವರ್ಷದಿಂದ ಅವರ ಕೈಯಲ್ಲೇ. ಮನೆಯ ಸಾಲಿಗ್ರಾಮಕ್ಕೆ ನೀರೆರೆಯುವಾಗ ಇರುವಷ್ಟೇ ಶ್ರದ್ಧೆ ರೋಗಿಯ ಹುಣ್ಣಿಗೆ ನೀರೆರೆಯುವಾಗಲೂ ಇತ್ತು. ಇದನ್ನು ಅವರು ಯಾರಿಗೂ ಹೇಳಿದವರಲ್ಲ, ನೋಡಿದವರಿಗೆ ತಿಳಿಯುತ್ತಿತ್ತು.

ಅಂದು ಬುಧವಾರ. ಆಸ್ಪತ್ರೆಗೆ ಒಂದು ಸಣ್ಣ ಹಬ್ಬವೇ ಇತ್ತು. ನೀರಿನ ವರದಿಗೆ ಕಟ್ಟು ಹಾಕಿಸಿ, ಗಾಜು ಕೂರಿಸಿ, ಗೋಡೆಗೆ ತೂಗುಹಾಕುವ ದಿನ.

ವರದಿ ಬಂದದ್ದು ಹೀಗೆ. ಹೋದ ವರ್ಷ, ಅಂದರೆ ಅರುವತ್ತನೇ ಇಸವಿಯ ಬೇಸಗೆಯಲ್ಲಿ ಆಸ್ಪತ್ರೆಗೆ ನಳ್ಳಿ ಬಂತು. ದರ್ಬೆಯಿಂದ ಅಬ್ಬಾಸ್ ಎಂಬ ಫಿಟ್ಟರು ಬಂದು, ಪೈಪಿನ ಸಂದುಗಳಿಗೆ ತೆಂಗಿನ ನಾರು ಸುತ್ತಿ, ಬಣ್ಣ ಮೆತ್ತಿ, ನಾಲ್ಕು ನಳ್ಳಿ ಕೂರಿಸಿದ. ಉದ್ಘಾಟನೆಗೆ ಪುತ್ತೂರಿನಿಂದ ಬಂದ ಅಧಿಕಾರಿಗಳು, ಮುಚ್ಚಿದ ಟಾಂಕಿಯ ನೀರಿಗೆ ಹುಳ ಎಲ್ಲಿಂದ ಬರಬೇಕು, ಇನ್ನು ಈ ಆಸ್ಪತ್ರೆ ನೀರು ಕುದಿಸಲು ಸೌದೆ ಉರಿಸಬೇಕಾಗಿಲ್ಲ ಎಂದು ಭಾಷಣ ಮಾಡಿದರು. ಜನ ಚಪ್ಪಾಳೆ ತಟ್ಟಿದರು. ಮರುದಿನವೇ ಹಿತ್ತಲಿನ ಒಲೆಯ ಕೊಟ್ಟಿಗೆಯನ್ನು ಕಿತ್ತರು. ಹನ್ನೊಂದು ವರ್ಷ ಆ ಒಲೆಯ ಮೇಲೆ ತನ್ನ ತಾಯಿಯ ಕಾಲದ ತಾಮ್ರದ ಹಂಡೆಯಿಟ್ಟು ಆಸ್ಪತ್ರೆಯ ನೀರು ಕುದಿಸುತ್ತಿದ್ದ ತ್ಯಾಂಪಣ್ಣನನ್ನು ನಳ್ಳಿಯ ಕಾವಲಿಗೆ ನೇಮಿಸಿದರು. ನಳ್ಳಿ ಎಲ್ಲಿಗೂ ಓಡಿಹೋಗುವ ಪ್ರಾಣಿಯಲ್ಲವಾದ್ದರಿಂದ ಅವನು ಒಂದು ಸ್ಟೂಲಿನ ಮೇಲೆ ಕುಳಿತು ಅದನ್ನು ನೋಡುತ್ತಿದ್ದ.

ನಳ್ಳಿ ಬಂದ ಕೆಲವು ತಿಂಗಳಲ್ಲಿ ಗಾಯಗಳು ಒಣಗದಾದವು. ಮೊಣಕಾಲು ತರಚಿಕೊಂಡು ಬಂದವನೂ ಮೂರು ವಾರ ಮಲಗಿದ. ಸುಟ್ಟಗಾಯವಾಗಿ ಬಂದ ನೆಬೀಸ ಎಂಬ ಹೆಂಗಸು ಜ್ವರ ಏರಿ ತೀರಿಕೊಂಡಳು. ಗಾಯದ ಬಟ್ಟೆ ಬಿಚ್ಚಿದರೆ ಹಸುರು ಕೀವು, ನೀಲಿ ಛಾಯೆಯ ಹಸುರು. ಡಾಕ್ಟರ್ ಕೃಷ್ಣಮೋಹನರು ಮದ್ರಾಸಿನಲ್ಲಿ ಓದಿ ಬಂದ ತರುಣರು. ಅವರಿಗೆ ನೀರಿನ ಮೇಲೆ ಸಂಶಯ ಬಂತು. ಬೆಂಗಳೂರಿನ ಪ್ರಯೋಗಶಾಲೆಗೆ ಬರೆದು, ಹತ್ತಿಯಲ್ಲಿ ಸುತ್ತಿದ ಬಾಟಲಿಯೊಂದನ್ನು ತರಿಸಿದರು. ಆ ದಿನ ಅವರಿಗೆ ಪುತ್ತೂರಿನಲ್ಲಿ ಮೀಟಿಂಗು.

"ಭಟ್ರೆ, ನಳ್ಳಿಯಿಂದ ತುಂಬಿಸಿ ಸಂಜೆಯ ಬಸ್ಸಿಗೆ ಕೊಡಿ," ಎಂದು ಹೇಳಿ ಹೋದರು.

ನೀರು ಹೋಯಿತು. ತಿಂಗಳಾದ ಮೇಲೆ ವರದಿ ಬಂತು. ರೋಗಾಣು ಲವಲೇಶವೂ ಇಲ್ಲ, ಈ ಜಿಲ್ಲೆಯಿಂದ ಇದುವರೆಗೆ ಬಂದ ನೀರುಗಳಲ್ಲಿ ಇಷ್ಟು ನಿರ್ಮಲವಾದದ್ದು ವಿರಳ ಎಂದಿತ್ತು. ಡಾಕ್ಟರು ನೀರಿನ ಯೋಚನೆ ಬಿಟ್ಟು ಬೇರೆ ಕಡೆ ಹುಡುಕಿದರು. ಗೋಡೆಗೆ ಎರಡು ಸಲ ಸುಣ್ಣ ಬಳಿಸಿದರು. ಹಾಸಿಗೆಗಳನ್ನು ಬಿಸಿಲಿಗೆ ಹಾಕಿಸಿದರು. ರೋಗಿಗಳ ಮನೆಯವರು ತರುವ ಊಟ ನಿಲ್ಲಿಸಿದರು. ಎಲ್ಲವನ್ನೂ ಬದಲಿಸಿದರು, ನೀರೊಂದನ್ನು ಬಿಟ್ಟು.

"ಸ್ವಲ್ಪ ಎಡಕ್ಕೆ," ಎಂದರು ಆಸ್ಪತ್ರೆ ಸಮಿತಿಯ ಅಧ್ಯಕ್ಷ ಮೇದಪ್ಪ ಗೌಡರು. ಸ್ಟೂಲು ಹತ್ತಿದ್ದ ತ್ಯಾಂಪಣ್ಣ ಕಟ್ಟನ್ನು ಎಡಕ್ಕೆ ಸರಿಸಿದ. ಗಾಯ ಕಟ್ಟುವ ಕೋಣೆಯ ನಳ್ಳಿಯ ನೇರ ಮೇಲೆ ಮೊಳೆ ಹೊಡೆದಿದ್ದರು.

"ಈಗ ಬಲಕ್ಕೆ ಹೋಯ್ತಲ್ಲ ಮಾರಾಯ."

"ಎಡಕ್ಕೇ ದೂಡಿದ್ದು. ಗೋಡೆಯೇ ಓರೆ ಉಂಟು ಗೌಡ್ರೆ."

ಬಾಗಿಲಿನಿಂದ ಕಾಣುವ ಮೊದಲ ಮಂಚದಲ್ಲಿ ಚೆರಿಯನ್ ಮೊಣಕೈ ಊರಿ ಇದನ್ನೆಲ್ಲ ನೋಡುತ್ತಿದ್ದ. ನೆಲ್ಯಾಡಿಯ ಕಡೆ ಕಾಡು ಕಡಿದು ರಬ್ಬರ್ ಹಾಕಿದ ಕ್ರಿಶ್ಚಿಯನ್ ಮನುಷ್ಯ. ಕೊಡಲಿ ಜಾರಿ ಎಡ ಮೊಣಕಾಲಿನ ಕೆಳಗೆ ಬಿದ್ದು ಐದು ವಾರವಾಗಿತ್ತು. ಹದಿನೈದು ದಿನಕ್ಕೆ ಮಾಯಬೇಕಾದ ಗಾಯ.

"ಕಂಪೌಂಡರೇ, ನೀರಿಗೆ ಸರ್ಟಿಫಿಕೇಟ್ ಸಿಕ್ಕಿತು. ನನ್ನ ಕಾಲಿಗೆ ಎಂತ ಸಿಗುದು?" ಎಂದ.

"ಗುಣ ಸಿಗ್ತದೆ. ಈಗ ಮಲಗಿ," ಎಂದರು ಭಟ್ಟರು.

ಹೊರಗೆ ಜಗಲಿಯಲ್ಲಿ ಏಳೆಂಟು ಜನ ಬಾಟಲಿ, ಚೊಂಬು ಹಿಡಿದು ನಿಂತಿದ್ದರು. ಬೆಂಗಳೂರೇ ಮೆಚ್ಚಿದ ನೀರೆಂಬ ಸುದ್ದಿ ಕುಂಬ್ರದ ತನಕ ಹೋಗಿತ್ತು. ಹೊಟ್ಟೆನೋವಿಗೆ, ಮಕ್ಕಳ ಹಟಕ್ಕೆ, ಹಾಲು ಕರೆಯದ ಎಮ್ಮೆಗೆ ಜನ ಆ ನೀರನ್ನು ಒಯ್ಯುತ್ತಿದ್ದರು. ತ್ಯಾಂಪಣ್ಣನಿಗೆ ಕೊನೆಗೂ ಕೆಲಸ ಬಂದಿತ್ತು.

ಆ ಕೋಣೆಯ ನಳ್ಳಿಗೆ ಒಂದು ವಿಶೇಷವಿತ್ತು. ಅದರ ಬಾಯಿಗೆ ನಾಲ್ಕು ಪದರದ ಬಿಳಿಯ ಮಲ್ಲು ಬಟ್ಟೆ ಕಟ್ಟಿತ್ತು. ಅದು ಭಟ್ಟರದ್ದು. ಹೊಸ ನಳ್ಳಿಯಲ್ಲಿ ಅಬ್ಬಾಸನ ನಾರಿನ ಎಳೆ, ತುಕ್ಕಿನ ಚೂರು ಬರುವುದನ್ನು ನೋಡಿ, ರೋಗಿಗಳ ಗಾಯಕ್ಕೆ ಇದು ಬೀಳಬಾರದೆಂದು ಮನೆಯಲ್ಲಿ ದೇವರ ನೀರು ಸೋಸಲು ಇಟ್ಟಿದ್ದ ಬಟ್ಟೆಯನ್ನೇ ತಂದು ಕಟ್ಟಿದ್ದರು. ಮಡಿಬಟ್ಟೆಯಾದ್ದರಿಂದ ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಸಾಬೂನಿನಲ್ಲಿ ಎಂತ ಕೊಬ್ಬು ಹಾಕಿರುತ್ತಾರೋ ಎಂದು ಸಾಬೂನು ಸೋಕಿಸುತ್ತಿರಲಿಲ್ಲ. ದಿನಕ್ಕೊಮ್ಮೆ ತಾವೇ ಬಿಚ್ಚಿ, ಅದೇ ನಳ್ಳಿಯ ನೀರಿನಲ್ಲಿ ಅದ್ದಿ, ಹಿಂಡಿ, ಪುನಃ ಕಟ್ಟುತ್ತಿದ್ದರು. ಹತ್ತು ತಿಂಗಳು ಆ ಬಟ್ಟೆ ಒಣಗಿದ್ದೇ ಇಲ್ಲ.

ಹತ್ತು ಗಂಟೆಗೆ ಡಾಕ್ಟರು ಚೆರಿಯನ್ನನ ಕಟ್ಟು ಬಿಚ್ಚಿಸಿದರು. ಭಟ್ಟರು ಬೇಸಿನ್ ಹಿಡಿದರು. ಬಟ್ಟೆ ಕೊನೆಯ ಸುತ್ತಿನಲ್ಲಿ ಅಂಟಿತ್ತು, ಹಸುರಾಗಿತ್ತು. ಒಂದು ಸಿಹಿ ವಾಸನೆ ಎದ್ದಿತು.

"ಪಳ್ಳಿಯಲ್ಲಿ ಪಾದ್ರಿ ಅಚ್ಚ ಕೊಡುವ ವೈನಿನ ವಾಸನೆ," ಎಂದ ಚೆರಿಯನ್, ಸೂರು ನೋಡುತ್ತ. "ನನಗಿಂತ ಮೊದಲು ನನ್ನ ಕಾಲೇ ಕುರ್ಬಾನದ ಪೂಜೆಗೆ ಹೋಗಿ ಬಂದ ಹಾಗೆ ಉಂಟು."

ಮಂಚದ ಪಕ್ಕದಲ್ಲಿದ್ದ ಅವನ ಹೆಂಡತಿ ಆಲೀಸ್, "ಸುಮ್ಮನಿರಿ," ಎಂದಳು.

ಡಾಕ್ಟರು ನಗಲಿಲ್ಲ. ಗಾಯದ ಅಂಚನ್ನು ಒತ್ತಿ ನೋಡಿ, ಕೈ ತೊಳೆದುಕೊಂಡು, ಆಲೀಸಳನ್ನು ಜಗಲಿಗೆ ಕರೆದರು. ಒಳಗಿದ್ದವರಿಗೂ ಕೇಳುತ್ತಿತ್ತು. ಎಲುಬಿಗೆ ಇಳಿಯುವ ಮೊದಲು ಮಂಗಳೂರಿಗೆ ಕಳಿಸಬೇಕು. ನಾಳೆ ಬೆಳಿಗ್ಗೆ ಮೇದಪ್ಪ ಗೌಡರ ಜೀಪು ಉಂಟು. ಅಲ್ಲಿ ಮೊಣಕಾಲಿನ ಕೆಳಗೆ ತೆಗೆಯುತ್ತಾರೆ.

ಚೆರಿಯನ್ ತಲೆಯೆತ್ತಿ ತನ್ನ ಕಾಲನ್ನು ನೋಡಿದ. ಆಮೇಲೆ ಭಟ್ಟರಿಗೆ, "ನನ್ನ ಜಾಗ ಪೂರಾ ಗುಡ್ಡ ಕಂಪೌಂಡರೇ. ಒಂದು ಕಾಲಿನಲ್ಲಿ ಅದನ್ನು ಹತ್ತುದು ಹೇಗೆ?" ಎಂದ. ಭಟ್ಟರು ಗಾಯಕ್ಕೆ ನೀರೆರೆದರು. ತಣ್ಣಗೆ, ಧಾರೆ ಕಡಿಯದ ಹಾಗೆ, ಬಾಯಿಯೊಳಗೆ ನಾರಾಯಣನ ಹೆಸರು ಹೇಳುತ್ತ.

ಮಧ್ಯಾಹ್ನ ಅವರು ಬಟ್ಟೆ ಬಿಚ್ಚಲು ನಳ್ಳಿಯ ಬಳಿ ಹೋದರು. ದಿನಾ ಕಣ್ಣು ಅರೆ ಮುಚ್ಚಿ, ಸ್ತೋತ್ರ ಹೇಳಿಕೊಂಡು ಮಾಡುವ ಕೆಲಸ. ಆದರೆ ಅಂದು ವರದಿಯ ಅಕ್ಷರ ಓದಲೆಂದು ಕನ್ನಡಕ ಹಾಕಿಕೊಂಡಿದ್ದರು, ತೆಗೆಯಲು ಮರೆತಿತ್ತು. ಬಟ್ಟೆಯ ಹೊರಮೈ ಬಿಳಿಯಾಗಿಯೇ ಇತ್ತು. ಗಂಟು ಬಿಚ್ಚಿ ಒಳಪದರ ಬಿಡಿಸಿದರು. ಲೋಳೆಯಾಗಿ ಬೆರಳಿಗೆ ಹತ್ತಿತು. ಹಸುರು, ನೀಲಿ ಛಾಯೆಯ ಹಸುರು. ಮೂಗಿನ ಹತ್ತಿರ ಹಿಡಿದರು. ಅವರು ಪಳ್ಳಿಯ ವೈನನ್ನು ಯಾವತ್ತೂ ಕಂಡವರಲ್ಲ, ಆದರೆ ಈ ವಾಸನೆ ಗೊತ್ತಿತ್ತು. ಎರಡು ಗಂಟೆಯ ಹಿಂದೆ ಬೇಸಿನ್ನಿನಿಂದ ಎದ್ದದ್ದು ಇದೇ. ನೆಬೀಸಳ ಮಂಚದಿಂದ ಎದ್ದದ್ದೂ ಇದೇ.

ಅವರು ತಲೆಯೆತ್ತಿದರು. ನೇರ ಮೇಲೆ ಗಾಜಿನೊಳಗೆ ವರದಿ ತೂಗುತ್ತಿತ್ತು. ನಿರ್ಮಲ ಎಂಬ ಅಕ್ಷರ ಕನ್ನಡಕದಲ್ಲಿ ಚೆನ್ನಾಗಿ ಕಾಣುತ್ತಿತ್ತು.

ಆ ನೀರು ಎಲ್ಲಿಯದೆಂದು ಲೋಕದಲ್ಲಿ ಭಟ್ಟರೊಬ್ಬರಿಗೇ ಗೊತ್ತು. ಬಾಟಲಿ ಬಂದ ದಿನ ನಳ್ಳಿಯಲ್ಲಿ ತುಸು ಕೆಂಪು ನೀರು ಬರುತ್ತಿತ್ತು. ಅವರ ಮನೆಯಲ್ಲಿ ಒಂದು ಕ್ರಮ. ಬಾಗಿಲಿಗೆ ಬಂದವರು ಯಾರೇ ಇರಲಿ, ಬೆಲ್ಲದೊಟ್ಟಿಗೆ ಕೊಡುವ ನೀರು ಚೊಂಬಿನಲ್ಲಿ ಮೊದಲೇ ಇದ್ದದ್ದಾಗಬಾರದು. ಅದನ್ನು ಚೆಲ್ಲಿ, ಗುಡ್ಡಕ್ಕೆ ಅಡ್ಡವಾಗಿ ಕೊರೆದ ನೀರಿನ ಸುರಂಗದ ಬಾಯಿಯಿಂದ ಹೊಸದಾಗಿ ಹಿಡಿದು ತರಬೇಕು. ಬೆಂಗಳೂರಿನಂತಹ ಬೆಂಗಳೂರಿಗೆ ಕೆಂಪು ನೀರು ಕಳಿಸುವುದು ಹೇಗೆ? ಅವರು ಬಾಟಲಿಯನ್ನು ಮನೆಗೆ ಒಯ್ದು, ಮಿಂದು, ಸುರಂಗದ ಬಾಯಲ್ಲಿ ಹಿಡಿದು, ಸಂಜೆಯ ಬಸ್ಸಿಗೆ ಕೊಟ್ಟಿದ್ದರು. ಮೋಸವೆಂಬ ಯೋಚನೆ ಹತ್ತಿರ ಸುಳಿದಿರಲಿಲ್ಲ. ಬೆಂಗಳೂರಿನವರು ನೀರನ್ನು ಕುಡಿಯಲಿಕ್ಕಲ್ಲ, ಅದರ ತಪ್ಪು ಹುಡುಕಲಿಕ್ಕೆ ಕೇಳಿದ್ದು ಎಂಬುದು ಅವರಿಗೆ ಹೊಳೆದದ್ದು ಈಗ, ಕೈಯಲ್ಲಿ ಆ ಬಟ್ಟೆ ಹಿಡಿದು ನಿಂತಾಗ.

ಅಂದು ಅವರು ಊಟಕ್ಕೆ ಹೋಗಲಿಲ್ಲ. ಔಷಧದ ಕೋಣೆಯಲ್ಲಿ ಕುಳಿತು ಯೋಚಿಸಿದರು. ಹೇಳಿದರೆ ಇಪ್ಪತ್ತು ವರ್ಷದ ಹೆಸರು ಹೋಗುತ್ತದೆ. ಹೇಳದಿದ್ದರೆ ನಾಳೆ ಬೆಳಿಗ್ಗೆ ಒಂದು ಕಾಲು ಹೋಗುತ್ತದೆ. ದೇವರನ್ನು ಕೇಳೋಣವೆಂದರೆ ಬಟ್ಟೆಯೂ ದೇವರದ್ದೇ, ನೀರೂ ದೇವರದ್ದೇ; ತನ್ನದೆಂಬುದು ಆ ಗಂಟು ಮಾತ್ರ.

ಮೂರು ಗಂಟೆಗೆ ಡಾಕ್ಟರ ಮೇಜಿನ ಮೇಲೆ ಒಂದು ಬೇಸಿನ್ ಇಟ್ಟರು.

"ಇದು ಯಾರ ಗಾಯದ ಬಟ್ಟೆ ಭಟ್ರೆ?"

"ಯಾರದ್ದೂ ಅಲ್ಲ. ನಳ್ಳಿಯದ್ದು."

ಡಾಕ್ಟರು ಬಗ್ಗಿ ನೋಡಿದರು, ಮೂಸಿದರು. ಮುಖ ಬಿಳಿಚಿತು. ಆದರೂ ತಲೆಯಲ್ಲಾಡಿಸಿದರು. "ಹೇಗೆ ಸಾಧ್ಯ? ನೀರಲ್ಲಿ ಏನೂ ಇಲ್ಲವೆಂದು ಬೆಂಗಳೂರಿನವರೇ ಬರೆದಿದ್ದಾರೆ. ನೀವೇ ತುಂಬಿಸಿ ಕಳಿಸಿದ್ದಲ್ವಾ?"

"ಹೌದು. ನಾನೇ ತುಂಬಿಸಿದ್ದು."

"ಮತ್ತೆ?"

"ನಮ್ಮ ಮನೆಯ ಸುರಂಗದ್ದು."

ಡಾಕ್ಟರು ಕುರ್ಚಿಗೆ ಒರಗಿದರು. ಹೊರಗೆ ತ್ಯಾಂಪಣ್ಣ ಯಾರಿಗೋ, "ಒಬ್ಬರಿಗೆ ಒಂದೇ ಚೊಂಬು. ನಿಮ್ಮ ಎಮ್ಮೆಗೆ ಬೇರೆ ಇಲ್ಲ," ಎನ್ನುತ್ತಿದ್ದ.

"ಯಾಕೆ ಹಾಗೆ ಮಾಡಿದಿರಿ?"

"ಹೊರಗಿನವರಿಗೆ ಕೊಡುದಲ್ವಾ ಅಂತ."

ಡಾಕ್ಟರು ಬೈಯುತ್ತಾರೆಂದು ಭಟ್ಟರು ಕಾದರು. ಬೈಗುಳ ಬಂದಿದ್ದರೆ ಸುಲಭವಿತ್ತು. ಡಾಕ್ಟರು ಮಾತ್ರ ತಮ್ಮ ಎರಡೂ ಅಂಗೈ ನೋಡಿಕೊಳ್ಳುತ್ತ, "ನಾನೂ ದಿನಾ ಅದರಲ್ಲೇ ಕೈ ತೊಳೆಯುದು ಭಟ್ರೆ. ಆ ಬಟ್ಟೆ ನೋಡಿ, ಎಷ್ಟು ಚೊಕ್ಕ ಮನುಷ್ಯ ಅಂತ ನಿಮ್ಮ ಬಗ್ಗೆ ಎಣಿಸುತ್ತಿದ್ದೆ," ಎಂದರು.

ಜೀಪಿನ ಪ್ರಯಾಣ ಹತ್ತು ದಿನ ಮುಂದಕ್ಕೆ ಬಿತ್ತು. ಅಡುಗೆಕೋಣೆಯ ಅನ್ನದ ಪಾತ್ರೆಯಲ್ಲಿ ನೀರು ಕುದಿಸಿ ಆರಿಸಿ ಗಾಯ ತೊಳೆಯಬೇಕೆಂದಾಯಿತು. ಈ ಹಸುರಿಗೆ ಹುಳಿ ಆಗುವುದಿಲ್ಲ, ಗಾಯವನ್ನು ತೆಳು ಮಾಡಿದ ಆಮ್ಲದಿಂದ ತೊಳೆಯಬೇಕು ಎಂದು ಡಾಕ್ಟರಿಗೆ ಪಾಠದಲ್ಲಿ ಓದಿದ್ದು ನೆನಪಿತ್ತು. ಔಷಧದ ಕೋಣೆಯ ಆಮ್ಲದ ಬಾಟಲಿ ಖಾಲಿ. ಕೊನೆಗೆ, ಮನೆಯ ಊಟ ತರಬಾರದೆಂದು ತಾವೇ ತಡೆದಿದ್ದ ಆಲೀಸಳನ್ನು ಕರೆದು ಕೇಳಿದರು.

"ನಿಮ್ಮಲ್ಲಿ ಅಡುಗೆಗೆ ಹಾಕುವ ಹುಳಿ, ಶಿರ್ಕಾ ಉಂಟಾ?"

"ಉಂಟು. ಇರಚಿಗೆ, ಮಾಂಸದ ಸಾರಿಗೆ ಹಾಕುದು. ತೆಂಗಿನ ಕಳ್ಳಿಂದು," ಎಂದಳು ಆಲೀಸ್. "ಅದನ್ನೂ ಬಂದ್ ಮಾಡ್ಲಿಕ್ಕುಂಟಾ ಡಾಕ್ಟರೇ?"

"ಇಲ್ಲ. ಒಂದು ಬಾಟಲಿ ತನ್ನಿ."

ಹೀಗೆ ಕಳ್ಳಿನ ಹುಳಿ ಆಸ್ಪತ್ರೆಗೆ ಬಂತು. ಮಡಿಬಟ್ಟೆಯಲ್ಲಿ ಸೋಸಿದ ನೀರು ಕೆಡಿಸಿದ್ದ ಗಾಯವನ್ನು ಯಜ್ಞೇಶ್ವರ ಭಟ್ಟರು ಕಳ್ಳಿನ ಹುಳಿಯಿಂದ ದಿನಕ್ಕೆ ಮೂರು ಸಲ ತೊಳೆದರು. ಮೊದಲ ದಿನ ಉಸಿರು ಬಿಗಿಹಿಡಿದು, ಎರಡನೆಯ ದಿನ ಮುಖ ತಿರುಗಿಸಿ, ಮೂರನೆಯ ದಿನ ಕನ್ನಡಕ ಹಾಕಿಕೊಂಡು. ನಾರಾಯಣನ ಹೆಸರು ಅದಕ್ಕೂ ಆಗುತ್ತದೆಂದು ಅವರಿಗೆ ಕಂಡಿತು.

"ಉರಿ ಆಗ್ತದಾ?"

"ಆಗ್ತದೆ. ಹಂದಿ ಇರಚಿಗೆ ಎಷ್ಟು ಉರಿ ಆಗ್ತದೆ ಅಂತ ಈಗ ಗೊತ್ತಾಯ್ತು," ಎಂದ ಚೆರಿಯನ್.

ಆರನೆಯ ದಿನ ಹಸುರು ಹೋಯಿತು. ಹತ್ತನೆಯ ದಿನ ಗಾಯದ ತಳದಲ್ಲಿ ಕೆಂಪು ಮಾಂಸ ಕಾಣಿಸಿತು. ಜೀಪಿನ ಮಾತು ಮತ್ತೆ ಬರಲಿಲ್ಲ.

ಈ ನಡುವೆ ಡಾಕ್ಟರು ಬೆಂಗಳೂರಿನಿಂದ ಇನ್ನೊಂದು ಬಾಟಲಿ ತರಿಸಿ, ಯಾರ ಕೈಗೂ ಕೊಡದೆ ತಾವೇ ನಳ್ಳಿಯಿಂದ ತುಂಬಿಸಿದ್ದರು. ರೋಗಾಣು ತುಂಬಿದೆ ಎಂದು ಅದರ ವರದಿ ಬಂದಾಗ ಅಧ್ಯಕ್ಷರೂ ಆಸ್ಪತ್ರೆಯಲ್ಲಿದ್ದರು. ಮೇದಪ್ಪ ಗೌಡರು ಅದನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ ಗೋಡೆ ನೋಡಿದರು.

"ಗಾಜು ಹಾಕಿಸಿ ಆಗಿದೆಯಲ್ಲ ಡಾಕ್ಟ್ರೆ," ಎಂದರು. "ತೆಗೆದರೆ ಗೋಡೆಯಲ್ಲಿ ಮೊಳೆ ಕಾಣ್ತದೆ. ಜನ ಕೇಳ್ತಾರೆ."

"ಮತ್ತೆ ಇದನ್ನು ಎಂತ ಮಾಡುದು?"

ಗೌಡರು ಯೋಚಿಸಿ, ಕಟ್ಟನ್ನು ಇಳಿಸಲು ಹೇಳಿ, ಹೊಸ ವರದಿಯನ್ನು ಮಡಚಿ ಹಳೆಯದರ ಬೆನ್ನಿಗೆ ಸೇರಿಸಿ, ಪುನಃ ತೂಗುಹಾಕಿಸಿದರು. ಈಗ ಸತ್ಯವೂ ಗಾಜಿನ ಹಿಂದೆಯೇ ಇತ್ತು, ಒಂದು ಕಾಗದದಷ್ಟು ದೂರದಲ್ಲಿ. ಅದರ ಕೆಳಗೆ, ಈ ನೀರನ್ನು ಕುದಿಸದೆ ಬಳಸಕೂಡದು ಎಂದು ಡಾಕ್ಟರು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದರು. ಇಷ್ಟು ಶ್ರೇಷ್ಠ ನೀರಿಗೆ ಕ್ರಮವೂ ಕಟ್ಟುನಿಟ್ಟಾಗಿಯೇ ಇರುತ್ತದೆಂದು ಜನ ಒಪ್ಪಿದರು. ಕುಂಬ್ರದವರು ಎಮ್ಮೆಗೆ ಕೂಡ ಕುದಿಸಿಯೇ ಕೊಟ್ಟರಂತೆ. ಚೆರಿಯನ್ನನ ಕಾಲು ಉಳಿದದ್ದು ಗೋಡೆಗೆ ಎರಡನೆಯ ಸಲ ಬಳಿದ ಸುಣ್ಣದಿಂದ ಎಂದು ಸಮಿತಿ ದಾಖಲೆ ಮಾಡಿತು.

ಭಟ್ಟರ ಹೆಸರಿಗೆ ಏನೂ ಆಗಲಿಲ್ಲ. ಡಾಕ್ಟರು ಯಾರಿಗೂ ಹೇಳಲಿಲ್ಲ. ಏನೂ ಆಗಲಿಲ್ಲವೆಂಬುದೇ ಭಟ್ಟರ ಎದೆಯಲ್ಲಿ ಒಂದು ಕಲ್ಲಿನ ಹಾಗೆ ಕುಳಿತಿತು. ಒಂದು ಶುಕ್ರವಾರ ಅವರು ಯಾರಿಗೂ ಹೇಳದೆ ನೆಬೀಸಳ ಮನೆಯ ದಾರಿಯಲ್ಲಿ ನಡೆದು, ಬೇಲಿಯ ತನಕ ಹೋಗಿ, ಒಳಗೆ ಅವಳ ತಾಯಿ ಬೀಡಿ ಕಟ್ಟುವುದನ್ನು ನೋಡಿ, ಕರೆಯಲಾರದೆ ಹಿಂದೆ ಬಂದರು. ಕೆಲವನ್ನು ಹಿಂದೆ ಕೊಡಲು ಆಗುವುದಿಲ್ಲ. ಕೊಡಲು ಆಗುವಂಥದ್ದು ಒಂದಿತ್ತು, ಅದನ್ನೂ ಅವರು ಮುಂದೆ ಹಾಕುತ್ತಲೇ ಇದ್ದರು.

ತ್ಯಾಂಪಣ್ಣನ ಹಂಡೆ. ಒಲೆಯ ಕೊಟ್ಟಿಗೆ ಕಿತ್ತ ದಿನ ಆಸ್ಪತ್ರೆಗೆ ಬೇಡವಾದ ಸಾಮಾನುಗಳ ಪಟ್ಟಿ ಬರೆದವರು ಭಟ್ಟರು. ಹಳೆಯ ತಾಮ್ರದ ಹಂಡೆ ಒಂದು ಎಂದು ಅದರಲ್ಲಿ ಸೇರಿಸಿ, ಹಾಳಾಗಬಾರದೆಂದು ಮನೆಗೆ ಒಯ್ದರು. ಹಂಡೆ ಯಾರದೆಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಹುಣಿಸೆಹುಳಿ ಹಾಕಿ ತಿಕ್ಕಿದರು. ಬೆಂಕಿ ಕಂಡ ತಾಮ್ರಕ್ಕೆ ದೋಷವಿಲ್ಲವೆಂದು ಬಚ್ಚಲಲ್ಲಿ ಕೂರಿಸಿದರು. ಅಂದಿನಿಂದ ದಿನಾ ಅದರ ಬಿಸಿನೀರಿನಲ್ಲಿ ಮಿಂದೇ ಮಡಿಯಾಗುತ್ತಿದ್ದರು. ತ್ಯಾಂಪಣ್ಣ ಏನಾದರೂ ಹೇಳಲು ಮನೆಗೆ ಬಂದರೆ ಬಚ್ಚಲಿನ ಕಡೆಗೊಮ್ಮೆ ನೋಡುತ್ತಿದ್ದ. ಕೇಳಿದವನಲ್ಲ.

ಕುಂಭ ತಿಂಗಳ ಕೊನೆಗೆ ಚೆರಿಯನ್ ಕೋಲೂರಿಕೊಂಡು, ಎರಡು ಕಾಲಿನಲ್ಲಿ ಮೆಟ್ಟಲಿಳಿದ. ಇಳಿಯುವ ಮೊದಲು ಗೋಡೆಯ ವರದಿಯೆದುರು ನಿಂತು ಶಿಲುಬೆ ಗುರುತು ಮಾಡಿಕೊಂಡ.

"ಬೆಂಗಳೂರಿನವರು ಒಳ್ಳೆಯವರು ಕಂಪೌಂಡರೇ. ಒಂದು ನೀರಿಗೆ ಇಷ್ಟು ಮಾಡಿದ್ದಾರೆ."

"ಹೌದು," ಎಂದರು ಭಟ್ಟರು. "ಗುಡ್ಡ ಮೆಲ್ಲ ಹತ್ತಿ."

ಅಂದೇ ಡಾಕ್ಟರು ತ್ಯಾಂಪಣ್ಣನನ್ನು ಕರೆದು, ಒಲೆ ಪುನಃ ಹಾಕಬೇಕು, ಇನ್ನು ಇಡೀ ಆಸ್ಪತ್ರೆಯ ನೀರು ಕುದಿಯಬೇಕು, ಅನ್ನದ ಪಾತ್ರೆ ಸಾಲದು, ಮೊದಲಿನ ಹಂಡೆ ಎಲ್ಲಿ ಎಂದು ಕೇಳಿದರು. ಭಟ್ಟರು ಅಲ್ಲೇ ನಿಂತಿದ್ದರು. ತ್ಯಾಂಪಣ್ಣ ಅವರ ಕಡೆ ನೋಡಲಿಲ್ಲ.

"ಎಲ್ಲಿಯೋ ಉಂಟು. ಸಿಗ್ತದೆ," ಎಂದ.

ಮರುದಿನ ಬೆಳಿಗ್ಗೆ ತ್ಯಾಂಪಣ್ಣ ಹಿತ್ತಲಿನಲ್ಲಿ ಮೂರು ಕಲ್ಲು ಹೂಡುತ್ತಿದ್ದ. ಗದ್ದೆಯ ಹುಣಿಯ ಮೇಲೆ ಯಾರೋ ತಲೆಯ ಮೇಲೆ ಹಂಡೆ ಕವುಚಿಕೊಂಡು ಬರುವುದು ಕಂಡಿತು. ಮುಖ ಕಾಣುತ್ತಿರಲಿಲ್ಲ. ಜನಿವಾರವೂ, ಅಂದು ಮೀಯದೆ ಬಂದದ್ದನ್ನು ಹೇಳುವ ಒಣ ಪಂಚೆಯೂ ಕಂಡವು. ಭಟ್ಟರು ಹಂಡೆಯನ್ನು ಕಲ್ಲುಗಳ ಮೇಲೆ ಇಳಿಸಿ, ಅದು ಅಲುಗಾಡದ ಹಾಗೆ ಒಂದು ಕಲ್ಲಿನ ಚಕ್ಕೆ ಕೊಟ್ಟು, ನೆಟ್ಟಗಾದರು. ತ್ಯಾಂಪಣ್ಣ ಒಳಗೆ ಕೈಹಾಕಿ ತಳ ಸವರಿ ನೋಡಿದ.

"ಚೆನ್ನಾಗಿ ತಿಕ್ಕಿದ್ದೀರಿ ಭಟ್ರೆ."

ಭಟ್ಟರು ಸೊಂಟಕ್ಕೆ ಕಟ್ಟಿಕೊಂಡಿದ್ದ ಅದರ ಮುಚ್ಚಳವನ್ನು ಬಿಚ್ಚಿ ಅವನ ಕೈಗೆ ಕೊಟ್ಟರು.